ಕಾರಣ ಹೇಳದ 404

ಪಿಎಚ್‌ಪಿ ಫ್ರೇಮ್‌ವರ್ಕ್ ಆದ ಕೋಡ್‌ಇಗ್ನೈಟರ್ ಸರಳ ಎಂಬ ಮಾತು 2006ರಲ್ಲಿ ಎಲಿಸ್‌ಲ್ಯಾಬ್ ಅದನ್ನು ಹೊರತಂದಾಗಿನಿಂದಲೂ ಕೇಳಿಬರುತ್ತಿದೆ. 2014ರಲ್ಲಿ ಅದು ಬ್ರಿಟಿಷ್ ಕೊಲಂಬಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಆಶ್ರಯಕ್ಕೆ ಹೋಯಿತು, ಮರುವರ್ಷ ಮೂರನೇ ಆವೃತ್ತಿ ಬಂತು. ಹೊಗಳಿಕೆ ಮಾತ್ರ ಬದಲಾಗಲಿಲ್ಲ. ಹೊಗಳುವವರು ಮೊದಲು ಎತ್ತಿ ತೋರಿಸುವುದು ಒಂದೇ ಗುಣವನ್ನು: ಕಂಟ್ರೋಲರ್ ಫೋಲ್ಡರಿನಲ್ಲಿ ಒಂದು ಫೈಲ್ ಇಟ್ಟರೆ ಸಾಕು, ಎಲ್ಲೂ ನೋಂದಾಯಿಸಬೇಕಿಲ್ಲ, ವಿಳಾಸದಲ್ಲಿರುವ ಹೆಸರು ಹಿಡಿದು ಫ್ರೇಮ್‌ವರ್ಕೇ ಅದನ್ನು ಹುಡುಕಿ ತರುತ್ತದೆ. ಕೆಲಸ ಸುಸೂತ್ರವಾಗಿ ನಡೆಯುವಾಗ ಇದು ಸರಳವೇ. ಆದರೆ ಒಂದು ವ್ಯವಸ್ಥೆ ಸರಳವೋ ಅಲ್ಲವೋ ಎಂಬುದು ತಿಳಿಯುವುದು ಅದು ಕೆಟ್ಟಾಗ. ಆ ಹೊತ್ತಿನಲ್ಲಿ ಮೂರನೇ ಆವೃತ್ತಿ ತನಗೆ ಗೊತ್ತಿರುವ ಕಾರಣವನ್ನೂ ಹೇಳದೆ ನುಂಗಿಕೊಳ್ಳುತ್ತದೆ ಎಂಬುದು ನನ್ನ ವಾದ.

ದೊಡ್ಡಬಳ್ಳಾಪುರ ತಾಲ್ಲೂಕಿನ ಐದು ಹೋಬಳಿಗಳಿಗೆ ಒಂದೊಂದು ಕಂಟ್ರೋಲರ್ ಬರೆದಿದ್ದೇವೆ ಎಂದಿಟ್ಟುಕೊಳ್ಳೋಣ: ಕಸಬಾ, ಮಧುರೆ, ಸಾಸಲು, ತೂಬಗೆರೆ, ದೊಡ್ಡಬೆಳವಂಗಲ. ಮೊದಲ ನಾಲ್ಕು ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಮೊದಲ ಅಕ್ಷರವಷ್ಟೇ ಕ್ಯಾಪಿಟಲ್. ಐದನೆಯದನ್ನು ಕೂಡಿಸಿ ಬರೆಯುವವರ ಕೈ ಸಹಜವಾಗಿಯೇ ‘ದೊಡ್ಡ’ದ ಡಿ, ‘ಬೆಳವಂಗಲ’ದ ಬಿ ಎರಡನ್ನೂ ಕ್ಯಾಪಿಟಲ್ ಮಾಡುತ್ತದೆ. ವಿಂಡೋಸ್ ಕಂಪ್ಯೂಟರಿನ ಎಕ್ಸಾಂಪ್‌ನಲ್ಲಿ ಐದೂ ಪುಟಗಳು ತೆರೆಯುತ್ತವೆ. ಅದೇ ಫೈಲುಗಳನ್ನು ಲಿನಕ್ಸ್ ಸರ್ವರಿಗೆ ಏರಿಸಿದರೆ ನಾಲ್ಕು ತೆರೆದು, ದೊಡ್ಡಬೆಳವಂಗಲ ಒಂದೇ 404 ಆಗುತ್ತದೆ. ವಿಳಾಸದಲ್ಲಿ ಎಲ್ಲವೂ ಸಣ್ಣಕ್ಷರ. ಕೋಡ್‌ಇಗ್ನೈಟರ್ ಬಳಸುವ ಯುಸಿಫಸ್ಟ್ ಫಂಕ್ಷನ್ ಅದರ ಮೊದಲ ಅಕ್ಷರವನ್ನು ಮಾತ್ರ ದೊಡ್ಡದು ಮಾಡುತ್ತದೆ, ನಡುವಿನ ಬಿ ಸಣ್ಣದಾಗಿಯೇ ಉಳಿಯುತ್ತದೆ. ವಿಂಡೋಸಿನ ಫೈಲ್ ವ್ಯವಸ್ಥೆ ಆ ವ್ಯತ್ಯಾಸವನ್ನು ಲೆಕ್ಕಿಸುವುದಿಲ್ಲ, ಲಿನಕ್ಸ್ ಲೆಕ್ಕಿಸುತ್ತದೆ. ಇನ್ನು ಪಿಎಚ್‌ಪಿಗೆ ಕ್ಲಾಸಿನ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎರಡೂ ಒಂದೇ. ಹೀಗಾಗಿ ಫೈಲ್ ಒಮ್ಮೆ ಸಿಕ್ಕಿಬಿಟ್ಟರೆ ಒಳಗಿನ ಕ್ಲಾಸನ್ನು ಅದು ತಕರಾರಿಲ್ಲದೆ ಒಪ್ಪುತ್ತದೆ. ಒಂದೇ ಹೆಸರನ್ನು ಡಿಸ್ಕ್ ಒಂದು ನಿಯಮದಿಂದಲೂ ಭಾಷೆ ಇನ್ನೊಂದು ನಿಯಮದಿಂದಲೂ ಓದುತ್ತವೆ. ಕೋಡ್‌ಇಗ್ನೈಟರ್ ಈ ಎರಡರ ನಡುವೆ ನಿಂತೂ ಮಾತಾಡುವುದಿಲ್ಲ. ವಿಳಾಸದಲ್ಲಿ ಬಿ ಕ್ಯಾಪಿಟಲ್ ಹಾಕಿ ಒತ್ತಿದವರಿಗೆ ಲಿನಕ್ಸಿನಲ್ಲೂ ಪುಟ ತೆರೆಯುತ್ತದೆ ಎಂಬುದು ಹುಡುಕಾಟದ ದಿಕ್ಕನ್ನು ಇನ್ನಷ್ಟು ತಪ್ಪಿಸುತ್ತದೆ.

ಈ ಮೌನ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಮೂರನೇ ಆವೃತ್ತಿಯ ಮೂಲ ಫೈಲಿನಲ್ಲೇ ಬೆರಳಿಟ್ಟು ತೋರಿಸಬಹುದು. ಅಲ್ಲಿ 404 ಬೇಕೇ ಬೇಡವೇ ಎಂದು ಹೇಳುವ ಒಂದು ವೇರಿಯಬಲ್ ಇದೆ. ಅದರ ಬೆಲೆ ಹೌದು ಅಥವಾ ಇಲ್ಲ. ಫೈಲ್ ಇಲ್ಲದಿದ್ದರೆ ಹೌದು. ಫೈಲ್ ಇದ್ದು ಒಳಗೆ ಆ ಹೆಸರಿನ ಕ್ಲಾಸ್ ಇಲ್ಲದಿದ್ದರೂ ಹೌದು. ಮೆಥಡ್ ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾದರೆ, ಆ ಹೆಸರು ಮೂಲ ಕಂಟ್ರೋಲರಿನಲ್ಲೇ ಇದ್ದರೆ, ಮೆಥಡ್ಡೇ ಇಲ್ಲದಿದ್ದರೆ, ಇದ್ದೂ ಅದು ಪಬ್ಲಿಕ್ ಅಲ್ಲದಿದ್ದರೆ, ಎಲ್ಲಕ್ಕೂ ಅದೇ ಹೌದು. ಒಂದೊಂದು ಪರೀಕ್ಷೆ ಮಾಡುವ ಗಳಿಗೆಯಲ್ಲಿ ಕಾರಣ ಫ್ರೇಮ್‌ವರ್ಕಿನ ಕೈಯಲ್ಲೇ ಇರುತ್ತದೆ. ಮುಂದಿನ ಸಾಲಿಗೆ ಬರುವಷ್ಟರಲ್ಲಿ ಅದು ಕಳೆದುಹೋಗಿರುತ್ತದೆ. ತಾಲ್ಲೂಕು ಕಚೇರಿಯಲ್ಲಿ ಅರ್ಜಿಯ ಮೇಲೆ ‘ತಿರಸ್ಕೃತ’ ಮುದ್ರೆ ಒತ್ತಿ ಕಾರಣದ ಕಾಲಂ ಖಾಲಿ ಬಿಟ್ಟ ಹಾಗೆ. ಲಾಗ್ ನೋಡೋಣವೆಂದರೆ ಅದರ ಮಟ್ಟ ಮೊದಲಿನಿಂದಲೇ ಸೊನ್ನೆಗೆ ಹೊಂದಿಸಿರುತ್ತದೆ, ಅಂದರೆ ಏನೂ ದಾಖಲಾಗುವುದಿಲ್ಲ. ಮಟ್ಟ ಏರಿಸಿದರೂ ಸಿಗುವುದು ಪುಟ ಸಿಗಲಿಲ್ಲ ಎಂಬ ಮಾತು, ಜೊತೆಗೆ ಕ್ಲಾಸ್ ಮತ್ತು ಮೆಥಡ್ ಹೆಸರು. ಯಾವ ಪರೀಕ್ಷೆಯಲ್ಲಿ ಸೋತಿತು ಎಂಬುದು ಅಲ್ಲೂ ಇಲ್ಲ.

ಇದಕ್ಕೆ ಎರಡು ಸಮಾಧಾನಗಳು ಸಿದ್ಧವಾಗಿವೆ. ಫೈಲ್ ಹೆಸರಿನ ನಿಯಮ ಕೈಪಿಡಿಯಲ್ಲಿದೆ, ಓದದವರದೇ ತಪ್ಪು ಎನ್ನುವುದು ಮೊದಲನೆಯದು. ನಿಯಮ ಇರುವುದು ನಿಜ. ಎರಡನೇ ಆವೃತ್ತಿಯಿಂದ ಮೂರಕ್ಕೆ ಬರುವವರು ಫೈಲ್ ಹೆಸರುಗಳನ್ನು ಬದಲಿಸಬೇಕೆಂದೂ ಅದು ಹೇಳುತ್ತದೆ. ಆದರೆ ಒಂದು ಕಂಪ್ಯೂಟರಿನಲ್ಲಿ ಮುರಿದರೂ ನಡೆಯುವ, ಇನ್ನೊಂದರಲ್ಲಿ ಮಾತ್ರ ದಂಡ ವಿಧಿಸುವ ನಿಯಮವನ್ನು ಜಾರಿಗೆ ತರುವ ಹೊಣೆ ಕೈಪಿಡಿಯದಲ್ಲ, ಫ್ರೇಮ್‌ವರ್ಕಿನದು. ಕಾರಣ ಹೇಳಿದರೆ ದಾಳಿಕೋರರಿಗೆ ಒಳಗುಟ್ಟು ಬಿಟ್ಟುಕೊಟ್ಟಂತೆ ಎನ್ನುವುದು ಎರಡನೆಯದು. ಹೊರಗಿನ ಸಂದರ್ಶಕರಿಗೆ ಹೇಳಬೇಕೆಂದು ಯಾರೂ ಕೇಳುತ್ತಿಲ್ಲ. ತಯಾರಿಯ ಹಂತವೋ ನಿಜವಾದ ಬಳಕೆಯೋ ಎಂದು ಬೇರ್ಪಡಿಸುವ ಸೌಲಭ್ಯ ಇದೇ ಚೌಕಟ್ಟಿನ ಮೊದಲ ಫೈಲಿನಲ್ಲೇ ಇದೆ. ಪಿಎಚ್‌ಪಿ ದೋಷಗಳನ್ನು ತೋರಿಸಲು ಅದನ್ನು ಬಳಸಿಕೊಂಡವರು ಇಲ್ಲಿ ಮಾತ್ರ ಬಳಸಲಿಲ್ಲ. ಹಾಗಾಗಿ ಭದ್ರತೆಯ ಹೆಸರು ಇಲ್ಲಿ ನೆಪವಷ್ಟೇ.

ಇನ್ನೊಂದು ಬಣದ ವಿಮರ್ಶಕರ ಪ್ರಕಾರ ಚರ್ಚೆಯೇ ಬೇಡ, ಲಾರಾವೆಲ್ ಎಂಬ ಇನ್ನೊಂದು ಫ್ರೇಮ್‌ವರ್ಕಿಗೆ ಹೋದರೆ ಮುಗಿಯಿತು. ಅವರು ಮರೆತದ್ದನ್ನು ನೆನಪಿಸಬೇಕು. 2020ರ ಸೆಪ್ಟೆಂಬರಿನಲ್ಲಿ ಲಾರಾವೆಲ್‌ನ ಎಂಟನೇ ಆವೃತ್ತಿ ಕಂಟ್ರೋಲರ್ ಹೆಸರಿನ ಹಿಂದೆ ನೇಮ್‌ಸ್ಪೇಸನ್ನು ತಾನೇ ಸೇರಿಸುವ ರೂಢಿಯನ್ನು ಕೈಬಿಟ್ಟಿತು. ಹಳೆಯ ಪಾಠ ನೋಡಿ ರೂಟ್ ಬರೆದವರಿಗೆ ಕ್ಲಾಸ್ ಇಲ್ಲ ಎಂಬ ದೋಷ ಎದುರಾಯಿತು. ಕ್ಲಾಸ್ ಫೈಲುಗಳನ್ನು ಹುಡುಕಿ ತರಲು ಕಂಪೋಸರ್ ಬಳಸುವಾಗಲೂ ಫೋಲ್ಡರಿನ ಹೆಸರಿನಲ್ಲಿ ಒಂದು ಅಕ್ಷರ ಸಣ್ಣದಾದರೆ ಲಿನಕ್ಸ್ ಕೈಕೊಡುತ್ತದೆ. ಅಂದರೆ ಹೊಸ ಚೌಕಟ್ಟಿನಲ್ಲೂ ತಪ್ಪು ತಪ್ಪುವುದಿಲ್ಲ. ವ್ಯತ್ಯಾಸ ಇರುವುದು ಒಂದರಲ್ಲೇ: ಲಾರಾವೆಲ್ ತಾನು ಹುಡುಕಿದ ಕ್ಲಾಸಿನ ಹೆಸರನ್ನು ದೋಷದ ಸಾಲಿನಲ್ಲೇ ಬರೆಯುತ್ತದೆ. ಮೆಚ್ಚಬೇಕಾದ್ದು ಆ ಸಾಲನ್ನು, ಅದರ ಹೊಸತನವನ್ನಲ್ಲ. ಕೋಡ್‌ಇಗ್ನೈಟರಿಗೆ ಸಲ್ಲಬೇಕಾದ ಮೆಚ್ಚುಗೆಯೂ ಒಂದಿದೆ. ಚೀನಾದ ಥಿಂಕ್‌ಪಿಎಚ್‌ಪಿ ವಿಳಾಸದಿಂದ ಬಂದ ಕಂಟ್ರೋಲರ್ ಹೆಸರನ್ನು ಸರಿಯಾಗಿ ಸೋಸದೆ ನಂಬಿತ್ತು. ದೂರದಲ್ಲಿ ಕುಳಿತವರು ಸರ್ವರಿನಲ್ಲಿ ತಮಗೆ ಬೇಕಾದ ಆಜ್ಞೆ ನಡೆಸುವಂತಹ ಆ ಬಿರುಕನ್ನು 2018ರ ಡಿಸೆಂಬರಿನಲ್ಲಿ ಮುಚ್ಚಬೇಕಾಯಿತು. ಕೋಡ್‌ಇಗ್ನೈಟರಿನ ಬಿಗಿ ಪರೀಕ್ಷೆಗಳು ಅಂಥ ದಾರಿ ಬಿಡುವುದಿಲ್ಲ. ಕಾವಲು ಚೆನ್ನಾಗಿದೆ, ವರದಿ ಇಲ್ಲ.

ಹೆಸರಿನಿಂದ ಕ್ಲಾಸನ್ನು ಹುಡುಕುವ ಕೆಲಸವನ್ನು ಬೇರೆ ರೀತಿ ಮಾಡಬಹುದು ಎಂಬುದಕ್ಕೆ 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವೇ ಸಾಕ್ಷಿ. ಅದನ್ನು ನಡೆಸುವ ಮೀಡಿಯಾವಿಕಿ ಕೂಡ ಪಿಎಚ್‌ಪಿಯದೇ. ಅಲ್ಲಿ ‘ವಿಶೇಷ:’ ಎಂದು ಶುರುವಾಗುವ ಪುಟದ ಹೆಸರು ಡಿಸ್ಕಿನ ಫೈಲ್ ಹೆಸರಾಗುವುದಿಲ್ಲ; ಮೊದಲೇ ಬರೆದಿಟ್ಟ ಪಟ್ಟಿಯಲ್ಲಿ ಅದನ್ನು ಹುಡುಕಲಾಗುತ್ತದೆ. ಪಟ್ಟಿ ಇರುವುದರಿಂದಲೇ ದೊಡ್ಡಕ್ಷರ ಸಣ್ಣಕ್ಷರದ ಭೇದವನ್ನು ಅಳಿಸಬಹುದು, ಒಂದೇ ಪುಟಕ್ಕೆ ಕನ್ನಡ ಹೆಸರನ್ನೂ ಇಂಗ್ಲಿಷ್ ಹೆಸರನ್ನೂ ಕೊಡಬಹುದು, ಪಟ್ಟಿಯಲ್ಲಿಲ್ಲದ್ದನ್ನು ‘ಅಂಥ ವಿಶೇಷ ಪುಟ ಇಲ್ಲ’ ಎಂದು ಸ್ಪಷ್ಟವಾಗಿ ಹೇಳಬಹುದು. ಪಟ್ಟಿ ಬರೆಯುವುದು ಹೆಚ್ಚಿನ ಕೆಲಸ ಎಂಬ ಆಕ್ಷೇಪ ಸರಿಯೇ. ಆದರೆ ಕೋಡ್‌ಇಗ್ನೈಟರ್ ಉಳಿಸಿಕೊಡುವುದು ಕಂಟ್ರೋಲರಿಗೆ ಒಂದು ಸಾಲು. ಸರ್ವರ್ ಬದಲಾದ ದಿನ ಅದು ವಸೂಲು ಮಾಡುವುದು ಅದಕ್ಕಿಂತ ಹೆಚ್ಚು.

ಈ ತೀರ್ಪಿಗೆ ಕೋಡ್‌ಇಗ್ನೈಟರನ್ನು ಕಟ್ಟುವವರ ಬೆಂಬಲವೂ ಇದೆ. 2022ರ 4.2 ಆವೃತ್ತಿಯಲ್ಲಿ ವಿಳಾಸದಿಂದ ತಾನಾಗಿ ಕಂಟ್ರೋಲರ್ ಹುಡುಕುವ ಸೌಲಭ್ಯವನ್ನು ಅವರೇ ಮೊದಲಿನಿಂದಲೇ ನಿಲ್ಲಿಸಿಟ್ಟರು. ಬೇಕಾದವರು ಕೇಳಿ ಹಾಕಿಕೊಳ್ಳಬೇಕು. ಯಾವ ಗುಣಕ್ಕಾಗಿ ಹೆಸರು ಬಂತೋ ಅದನ್ನೇ ಐಚ್ಛಿಕ ಮಾಡಿದ ಮೇಲೂ ಹಳೆಯ ಹೊಗಳಿಕೆಯನ್ನು ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಮೂರನೇ ಆವೃತ್ತಿಯಲ್ಲೇ ಉಳಿದವರಿಗೂ ದಾರಿ ಇದೆ: ಫೈಲ್ ಹೆಸರಿನಲ್ಲಿ ಮೊದಲ ಅಕ್ಷರ ಬಿಟ್ಟು ಎಲ್ಲವೂ ಸಣ್ಣಕ್ಷರ, ಲಾಗ್ ಮಟ್ಟ ಕನಿಷ್ಠ ಒಂದು, ಪ್ರತಿ ಕಂಟ್ರೋಲರಿಗೂ ರೂಟ್ ಫೈಲಿನಲ್ಲಿ ಒಂದು ಸಾಲು. ಫೈಲ್ ಹೆಸರನ್ನು ಬದಲಿಸದೆ ಬಿಟ್ಟರೂ, ರೂಟಿನಲ್ಲಿ ಬರೆದ ಹೆಸರಿನ ನಡುವಿನ ಕ್ಯಾಪಿಟಲ್ ಹಾಗೆಯೇ ಉಳಿಯುವುದರಿಂದ ದೊಡ್ಡಬೆಳವಂಗಲದ ಪುಟ ಲಿನಕ್ಸಿನಲ್ಲೂ ತೆರೆಯುತ್ತದೆ. ಇಷ್ಟನ್ನೂ ಬಳಸುವವರೇ ಮಾಡಿಕೊಳ್ಳಬೇಕು ಎಂದಾದರೆ ‘ಸರಳ’ ಎಂಬ ಬಿರುದಿಗೆ ಹಕ್ಕುದಾರರು ಅವರು, ಫ್ರೇಮ್‌ವರ್ಕ್ ಅಲ್ಲ.