ಸಮುವೇಲನೋ, ದಾನಿಯೇಲನೋ? ಬೋರ್ಡಿಂಗ್ ಕಥನಗಳ ಒಂದು ವಿಮರ್ಶೆ

ನಮ್ಮ ಮಿಷನ್ ಚರಿತ್ರೆಗಳಲ್ಲಿ ಬೋರ್ಡಿಂಗ್ ಶಾಲೆಯ ಕಥನಕ್ಕೆ ಒಂದು ಸಿದ್ಧರೂಪವಿದೆ. ಕತ್ತಲೆಯ ಮನೆಯಿಂದ ಬಂದ ಮಗು, ಅದನ್ನು ಕೈಹಿಡಿದ ಸಂಸ್ಥೆ, ಶುಚಿಯಾದ ಉಡುಪು, ಅಕ್ಷರ, ಪ್ರಾರ್ಥನೆ. ಕೊನೆಗೆ ಉಪದೇಶಿಯಾಗಿಯೋ ಶಿಕ್ಷಕಿಯಾಗಿಯೋ ನಿಲ್ಲುವ ವ್ಯಕ್ತಿ. ಈ ಕಥನದ ಹಿಂದೆ ಸಮುವೇಲನ ನೆರಳಿದೆ. ಹನ್ನಳು ತನ್ನ ಮಗನನ್ನು ಶೀಲೋವಿನಲ್ಲಿ ಒಪ್ಪಿಸಿದಂತೆ ಬಡ ತಾಯಂದಿರು ತಮ್ಮ ಮಕ್ಕಳನ್ನು ಸಭೆಗೆ ಒಪ್ಪಿಸಿದರೆಂಬುದು ಅದರ ಧ್ವನಿ. ಈ ಓದು ಎಲ್ಲ ಮಕ್ಕಳಿಗೂ ಸಲ್ಲುತ್ತದೆಯೇ ಎಂಬುದನ್ನು ಪರಿಶೀಲಿಸಬೇಕಾಗಿದೆ.

ಸಲ್ಲುವ ಮಕ್ಕಳು ಅನೇಕರು ಇದ್ದಾರೆ, ನಿಜ. ಊರಶಾಲೆಯ ಜಗಲಿಯನ್ನೂ ಹತ್ತಗೊಡದಿದ್ದ ಕಾಲದಲ್ಲಿ ದಲಿತರ ಮಕ್ಕಳಿಗೆ ಬಾಗಿಲು ತೆರೆದ ಬೋರ್ಡಿಂಗುಗಳ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಇನ್ನೊಂದು ಗುಂಪಿನ ಮಕ್ಕಳೂ ಇದ್ದರು. ಅವರನ್ನು ಯಾವ ಹನ್ನಳೂ ಒಪ್ಪಿಸಲಿಲ್ಲ, ಕಾನೂನು ಒಪ್ಪಿಸಿತು.

1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಹುಟ್ಟಿನಿಂದಲೇ ಅಪರಾಧಿಗಳೆಂದು ಕೆಲವು ಸಮುದಾಯಗಳಿಗೆ ಮುದ್ರೆಯೊತ್ತಿತು. 1911ರಲ್ಲಿ ಅದರ ವ್ಯಾಪ್ತಿ ದೇಶಾದ್ಯಂತ ಹಬ್ಬಿತು. ಈ ಸಮುದಾಯಗಳ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಕೈಗಾರಿಕೆ, ಬೇಸಾಯ ಅಥವಾ ಸುಧಾರಣೆಯ ಶಾಲೆಗಳಲ್ಲಿ ಇರಿಸುವ ಅಧಿಕಾರವನ್ನು ಅದು ಸರ್ಕಾರಕ್ಕೆ ನೀಡಿತು. ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟುಗಳು ಎದ್ದವು. ಇಂಥ ನೆಲೆಗಳಲ್ಲಿ ಕೆಲವನ್ನು ಕ್ರೈಸ್ತ ಸಂಸ್ಥೆಗಳೇ ವಹಿಸಿಕೊಂಡವು: ಸೊಲ್ಲಾಪುರದಲ್ಲಿ ಅಮೆರಿಕನ್ ಮರಾಠಿ ಮಿಷನ್, ಆಂಧ್ರದ ಸ್ಟುವರ್ಟ್‌ಪುರದಲ್ಲಿ ಸಾಲ್ವೇಶನ್ ಆರ್ಮಿ. ಮದ್ರಾಸ್ ಪ್ರಾಂತ್ಯದ ಕೊರವರನ್ನು ಕುರಿತು ಮೀನಾ ರಾಧಾಕೃಷ್ಣ ಅವರು 2001ರಲ್ಲಿ ಪ್ರಕಟಿಸಿದ 'ಡಿಸ್‌ಆನರ್ಡ್ ಬೈ ಹಿಸ್ಟರಿ' ಗ್ರಂಥವು ಈ ಪಾಲುದಾರಿಕೆಯನ್ನು ವಿವರವಾಗಿ ಶೋಧಿಸುತ್ತದೆ. ಹೇರುಪ್ರಾಣಿಗಳ ಮೇಲೆ ಉಪ್ಪು, ಧಾನ್ಯ ಸಾಗಿಸಿ ಬದುಕುತ್ತಿದ್ದ ಅಲೆಮಾರಿ ವ್ಯಾಪಾರಿಗಳ ಜೀವನೋಪಾಯವು ರೈಲು ಮತ್ತು ಸರ್ಕಾರದ ಉಪ್ಪಿನ ನೀತಿಯಿಂದ ಕುಸಿಯಿತು. ಕುಸಿದವರನ್ನೇ ಅಪರಾಧಿಗಳೆಂದು ಕರೆಯಲಾಯಿತು. ಹೀಗಿರುವಾಗ ಮಗುವಿನ ಮನೆ 'ಕತ್ತಲೆ'ಯಾದದ್ದು ಯಾರ ಕೈಯಿಂದ ಎಂಬ ಪ್ರಶ್ನೆಯನ್ನು ನಮ್ಮ ಕಥನ ಕೇಳುವುದೇ ಇಲ್ಲ. ವರದಿಯನ್ನು ಬರೆದವರೂ ಸಂಸ್ಥೆಯವರು, ಓದಿದವರೂ ಅದರ ದಾನಿಗಳು. ಹಗಲಿರುಳು ಹಾಜರಿ ಕೊಡಬೇಕಾಗಿದ್ದ ತಾಯಿಯ ಸಾಕ್ಷಿಗೆ ಅಲ್ಲಿ ಸ್ಥಳವಿರಲಿಲ್ಲ.

ಈ ಮಕ್ಕಳಿಗೆ ಹೊಂದುವ ವೇದಭಾಗ ದಾನಿಯೇಲನ ಮೊದಲನೆಯ ಅಧ್ಯಾಯ. ಗೆದ್ದ ಸಾಮ್ರಾಜ್ಯವು ಸೋತವರ ಎಳೆಯರನ್ನು ಆರಿಸಿ ಒಯ್ಯುತ್ತದೆ. ಕಸ್ದೀಯರ ಭಾಷೆಯನ್ನೂ ಸಾಹಿತ್ಯವನ್ನೂ ಕಲಿಸುತ್ತದೆ. ಅರಸನ ಅಡಿಗೆಯನ್ನು ಉಣಿಸುತ್ತದೆ. ದಾನಿಯೇಲನನ್ನು ಬೇಲ್ತೆಶಚ್ಚರನೆಂದು ಕರೆಯುತ್ತದೆ. ಶಿಕ್ಷಣದ ಅವಧಿ ಮೂರು ವರ್ಷ. ಇದನ್ನು ನಾವು ಬಹುವಾಗಿ ಶಿಸ್ತಿನ ಪಾಠವಾಗಿ ಬೋಧಿಸಿದ್ದೇವೆ. ಸೆರೆಯ ಕಥೆಯಾಗಿ ಓದಿದ್ದು ಕಡಿಮೆ. ಹನ್ನಳು ವರ್ಷವರ್ಷವೂ ಚಿಕ್ಕ ನಿಲುವಂಗಿಯನ್ನು ಹೊಲಿದು ತರುತ್ತಿದ್ದಳು. ಬಾಬೆಲಿಗೆ ಯಾವ ತಾಯಿಯೂ ಬರಲಿಲ್ಲ. ಈ ಎರಡು ಕಥೆಗಳ ವ್ಯತ್ಯಾಸ ಅಷ್ಟೇ, ಮತ್ತು ಅದು ಸಣ್ಣದಲ್ಲ. ಗಮನಿಸಬೇಕಾದ ಇನ್ನೊಂದು ಸಂಗತಿ: ಸಾಮ್ರಾಜ್ಯ ಹೊಸ ಹೆಸರು ಇಟ್ಟರೂ ಗ್ರಂಥಕರ್ತನು ದಾನಿಯೇಲನೆಂಬ ಹೆಸರನ್ನು ಬಿಟ್ಟುಕೊಡುವುದಿಲ್ಲ.

ಪರಿಣಾಮಗಳು ಕಾಯಿದೆಯೊಂದಿಗೆ ಮುಗಿಯಲಿಲ್ಲ. 1952ರ ಆಗಸ್ಟ್ 31ರಂದು ಅದು ರದ್ದಾಯಿತು. ಆ ಜನ 'ವಿಮುಕ್ತ'ರಾದರು. ಸಂಶಯ ಮಾತ್ರ ವಿಮುಕ್ತವಾಗಲಿಲ್ಲ. ಹುಬ್ಬಳ್ಳಿ, ಗದಗಗಳಲ್ಲಿ 'ಸೆಟ್ಲಮೆಂಟ್' ಎಂಬುದು ಇಂದಿಗೂ ಬಡಾವಣೆಯ ಹೆಸರಾಗಿ ಉಳಿದಿದೆ. ಮನೆಮಾತನ್ನು ನಾಚಿಕೆಯ ವಸ್ತುವೆಂದು ಕಲಿತ ಮಗು ತಾಯಿಯಾದಾಗ ತನ್ನ ಮಗುವಿಗೆ ಅದನ್ನು ಕಲಿಸುವುದಿಲ್ಲ. ಅಪ್ಪ ಅವ್ವನ ಲಾಲನೆಯನ್ನು ಕಾಣದವನು ಲಾಲಿಸುವುದನ್ನು ಬೇರೆ ಯಾರಿಂದ ಕಲಿತಾನು?

ಕೆನಡಾದ ಸಭೆಗಳು ಇಂಥದೇ ಪ್ರಶ್ನೆಯನ್ನು ಎದುರಿಸಿವೆ. ಅಲ್ಲಿಯ ಯುನೈಟೆಡ್ ಚರ್ಚ್ 1998ರಲ್ಲಿ ವಸತಿಶಾಲೆಗಳ ವಿಷಯದಲ್ಲಿ ಕ್ಷಮೆ ಕೇಳಿತು. ಸತ್ಯ ಮತ್ತು ಸಮಾಧಾನ ಆಯೋಗವು 2015ರಲ್ಲಿ 94 ಕರೆಗಳನ್ನು ಮುಂದಿಟ್ಟಿತು. 2022ರಲ್ಲಿ ಪೋಪ್ ಫ್ರಾನ್ಸಿಸ್ ಅಲ್ಲಿಗೇ ಹೋಗಿ ಕ್ಷಮೆ ಬೇಡಿದರು. ಎರಡು ಚರಿತ್ರೆಗಳೂ ಒಂದೇ ಎನ್ನಲಾಗದು. ಆದರೂ ಒಳ್ಳೆಯ ಉದ್ದೇಶವಿತ್ತೆಂಬ ಮಾತು ಪಾಪದ ಅರಿಕೆಗೆ ಬದಲಿಯಾಗಲಾರದೆಂಬ ಅವರ ಕಲಿಕೆ ನಮಗೂ ಸೇರಿದ್ದು.

ಇದು ಹಳೆಯ ವಿಷಯವಲ್ಲ. ಮಸ್ಕಿ, ಲಿಂಗಸುಗೂರು, ಸಿಂಧನೂರು ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುತ್ತಾರೆ. ತಾಂಡಾದ, ಹಟ್ಟಿಯ ಮಕ್ಕಳಿಗೆ ಆಗ ವಸತಿನಿಲಯವೇ ಆಸರೆ. ಅದನ್ನು ಮುಚ್ಚಬೇಕೆಂದು ಯಾರೂ ಹೇಳಲಾರರು. ಅಲ್ಲಿ ಯಾವ ಕಥೆ ನಡೆಯುತ್ತಿದೆ ಎಂಬುದನ್ನು ಕೇಳಬೇಕಾದವರು ಸಭಾಪಾಲಕರು. ಮಗುವಿನ ಹೆಸರು ಅದರದ್ದಾಗಿಯೇ ಉಳಿದಿದೆಯೇ? ಮಲಗುವ ಮುಂಚೆ ಅದು ತನ್ನ ಮಾತಿನಲ್ಲಿ ಪ್ರಾರ್ಥಿಸಬಹುದೇ? ದುಡಿದು ದಣಿದ ತಂದೆತಾಯಿ ಬಂದರೆ ಅವರಿಗೆ ಗೇಟಿನಾಚೆ ನಿಲ್ಲಬೇಕೋ, ಮಕ್ಕಳ ಪಂಕ್ತಿಯಲ್ಲಿ ಎಲೆ ಹಾಕುವರೋ?

ಮಾರ್ಕನ ಹತ್ತನೆಯ ಅಧ್ಯಾಯದಲ್ಲಿ ಶಿಷ್ಯರು ಗದರಿಸಿದ್ದು ಮಕ್ಕಳನ್ನು ಕರೆತಂದವರನ್ನು. ಕರ್ತನು ಕೋಪಗೊಂಡದ್ದು ಶಿಷ್ಯರ ಮೇಲೆ. ಆತನು ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದನು; ಕರೆತಂದವರಿಂದ ಅವರನ್ನು ಕಸಿದುಕೊಳ್ಳಲಿಲ್ಲ. ನಮ್ಮ ಬೋರ್ಡಿಂಗ್ ಚರಿತ್ರೆಯನ್ನು ತಿರುಗಿ ಬರೆಯುವವರು ಆರಂಭಿಸಬೇಕಾದದ್ದು ಆ ಕರೆತಂದವರಿಂದ, ಮತ್ತು ಕರೆತರುವ ಅವಕಾಶವೂ ಇಲ್ಲದೆ ಮಕ್ಕಳನ್ನು ಕಳೆದುಕೊಂಡವರಿಂದ.