ಅಂತರಜಾಲ ಬಾನುಲಿಯ ಎನ್‌ಕೋಡರ್: ಕೇಳುಗನ ಕಡೆಯಿಂದ ಒಂದು ವಿಮರ್ಶೆ

ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಆಗ ಅವರ ಬಳಿ ಇದ್ದದ್ದು 30 ವಾಟ್‌ಗಳ ಒಂದು ಪುಟ್ಟ ಪ್ರೇಷಕ. ಇಂದು ಪ್ರೇಷಕವೂ ಬೇಕಿಲ್ಲ, ಗೋಪುರವೂ ಬೇಕಿಲ್ಲ. ಒಂದು ಗಣಕ, ಒಂದು ಮೈಕ್, ಅಂತರಜಾಲ ಸಂಪರ್ಕ ಮತ್ತು ಉಚಿತವಾಗಿ ದೊರೆಯುವ ಎರಡು ತಂತ್ರಾಂಶಗಳಿದ್ದರೆ ಶಾಲೆಯೊಂದು ತನ್ನದೇ ಬಾನುಲಿಯನ್ನು ನಡೆಸಬಹುದು. ಧ್ವನಿಯನ್ನು ಸಂಕೋಚಿಸಿ ಕಳುಹಿಸುವ ಎನ್‌ಕೋಡರ್ ಒಂದು. ಅದನ್ನು ಪಡೆದು ಕೇಳುಗರಿಗೆಲ್ಲ ಹಂಚುವ ಸರ್ವರ್ ಇನ್ನೊಂದು. ಈ ಕೆಲಸಕ್ಕೆ ಬಹಳ ಜನ ಬಳಸುವ ಜೋಡಿ 'ಬಟ್' ಎಂಬ ಎನ್‌ಕೋಡರ್ ಮತ್ತು 'ಐಸ್‌ಕಾಸ್ಟ್' ಎಂಬ ಸರ್ವರ್.

ಈ ಜೋಡಿಯ ಗುಣಗಳನ್ನು ಮೊದಲು ಹೇಳಬೇಕು. ಬಟ್ ಹಳೆಯ ಗಣಕದಲ್ಲೂ ಓಡುತ್ತದೆ. ಸರ್ವರ್‌ನ ವಿಳಾಸ, ಪೋರ್ಟ್, ಗುಪ್ತಪದ ಮತ್ತು ಮೌಂಟ್ ಹೆಸರು ತುಂಬಿದರೆ ಪ್ರಸಾರ ಆರಂಭವಾಗುತ್ತದೆ. ಸಂಪರ್ಕ ಕಡಿದರೆ ತಾನೇ ಮತ್ತೆ ಜೋಡಿಸಿಕೊಳ್ಳುತ್ತದೆ. ಆದರೆ ಈ ಸರಳತೆಯೊಳಗೆ ಒಂದು ಊಹೆ ಅಡಗಿದೆ. ಸಿದ್ಧ ಮಾರ್ಗದರ್ಶಿಗಳು ಹೇಳಿಕೊಡುವ ಹೊಂದಾಣಿಕೆ ಸಾಮಾನ್ಯವಾಗಿ ಒಂದೇ: ಎಂಪಿ3, ಸ್ಟೀರಿಯೊ, ಸೆಕೆಂಡಿಗೆ 128 ಕಿಲೋಬಿಟ್. ಕೇಳುಗನ ಬಳಿ ಒಳ್ಳೆಯ ಸಂಪರ್ಕವಿದೆ, ಅವನು ಸಂಗೀತ ಕೇಳುತ್ತಾನೆ ಎಂಬುದು ಆ ಊಹೆ.

ಈ ಊಹೆಯನ್ನು ಭೋಜ ಗ್ರಾಮಕ್ಕೆ ಒಯ್ದು ನೋಡೋಣ. ನಿಪ್ಪಾಣಿ ಸಮೀಪದ ಈ ಊರಿರುವುದು ವೇದಗಂಗಾ, ದೂಧಗಂಗಾ ನದಿಗಳ ಸಂಗಮದ ಬಳಿ. ಜೋರು ಮಳೆಗಾಲದಲ್ಲಿ ಕಾರದಗಾ–ಭೋಜ, ಭೋಜವಾಡಿ–ಕುನ್ನೂರ ಮುಂತಾದ ಕೆಳಮಟ್ಟದ ಸೇತುವೆಗಳು ಮುಳುಗುವುದು ಇಲ್ಲಿ ಹೊಸದಲ್ಲ. 2019ರ ಮಹಾಪೂರವನ್ನು ಈ ಭಾಗ ಮರೆತಿಲ್ಲ. ಇಲ್ಲಿ ಶಾಲಾ ಬಾನುಲಿಯೊಂದು ನಡೆದರೆ ಅದರ ನಿಜವಾದ ಪರೀಕ್ಷೆ ಅಂಥ ದಿನವೇ. ಯಾವ ದಾರಿ ಬಂದ್, ನಾಳೆ ಶಾಲೆ ಇದೆಯೇ ಎಂಬ ಮಾತು ಕೇಳುಗನನ್ನು ತಲುಪಬೇಕು. ವಿದ್ಯುತ್ ಹೋಗಿ, ಮೊಬೈಲ್ ಗೋಪುರದ ಮೇಲೆ ಹೊರೆ ಹೆಚ್ಚಿದ ಹೊತ್ತು ಅದು.

ಈಗ ಲೆಕ್ಕ ಹಾಕಿ. 128 ಕಿಲೋಬಿಟ್ ಪ್ರಸಾರವನ್ನು ಒಂದು ಗಂಟೆ ಕೇಳಲು 57.6 ಮೆಗಾಬೈಟ್ ಬೇಕು. 32 ಕಿಲೋಬಿಟ್‌ಗೆ 14.4 ಸಾಕು. ನೂರು ಕೇಳುಗರಿದ್ದರೆ ಸರ್ವರ್ ಹೊರಗೆ ಕಳುಹಿಸಬೇಕಾದದ್ದು ಮೊದಲನೆಯದರಲ್ಲಿ ಸೆಕೆಂಡಿಗೆ 12.8 ಮೆಗಾಬಿಟ್, ಎರಡನೆಯದರಲ್ಲಿ 3.2. ಮಾತಿಗೆ ಸ್ಟೀರಿಯೊ ಬೇಕಿಲ್ಲ. ಒಂದೇ ಮೈಕಿನ ಧ್ವನಿಯನ್ನು ಎರಡು ವಾಹಿನಿಗಳಲ್ಲಿ ಕಳುಹಿಸುವುದು ವ್ಯರ್ಥ.

ಹಾಗೆಂದು ಎಲ್ಲವನ್ನೂ ಕಡಿತಗೊಳಿಸುವಂತಿಲ್ಲ. ಮಾದರಿ ದರದ ಅರ್ಧಕ್ಕಿಂತ ಹೆಚ್ಚಿನ ಆವರ್ತಾಂಕಗಳು ಉಳಿಯುವುದಿಲ್ಲ ಎಂಬುದು ನೈಕ್ವಿಸ್ಟ್ ನಿಯಮ. 8 ಕಿಲೋಹರ್ಟ್ಸ್ ಮಾದರಿ ದರ ಇಟ್ಟರೆ 4 ಕಿಲೋಹರ್ಟ್ಸ್ ಮೇಲಿನದು ಹೋಗುತ್ತದೆ. 'ಸ'ಕಾರದ ಶಕ್ತಿಯ ಬಹುಪಾಲು ಇರುವುದೇ ಅಲ್ಲಿ. 'ಸ', 'ಶ'ಗಳ ಭೇದ ಮಸುಕಾಗುತ್ತದೆ. ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುವ ಭೋಜದಲ್ಲಿ ಮರಾಠಿಯ ಎರಡು ಬಗೆಯ 'ಚ'ಕಾರದ ಗತಿಯೂ ಅದೇ. 24 ಕಿಲೋಹರ್ಟ್ಸ್, ಮೋನೊ, 32 ಕಿಲೋಬಿಟ್ ಇಟ್ಟರೆ ಮಾತು ಸ್ಪಷ್ಟವಾಗಿರುತ್ತದೆ. 2012ರಲ್ಲಿ ಮಾನಕವಾದ ಓಪಸ್ ಇದೇ ದರದಲ್ಲಿ ಎಂಪಿ3ಗಿಂತ ಚೆನ್ನಾಗಿ ನುಡಿಯುತ್ತದೆ. ಆದರೆ ಹಳೆಯ ಫೋನುಗಳೆಲ್ಲ ಅದನ್ನು ಅರಿಯವು. ಆದ್ದರಿಂದ ಎರಡು ಮೌಂಟ್‌ಗಳನ್ನು, ಒಂದು ಓಪಸ್, ಒಂದು ಎಂಪಿ3, ಇಡುವುದು ಜಾಣತನ.

ಕಡಿಮೆ ದರಕ್ಕೆ ಒಂದು ಬೆಲೆಯೂ ಇದೆ. ಹೊಸ ಕೇಳುಗ ಬಂದೊಡನೆ ಐಸ್‌ಕಾಸ್ಟ್ ಸುಮಾರು 64 ಕಿಲೋಬೈಟ್ ದತ್ತವನ್ನು ಒಮ್ಮೆಗೇ ಕೊಡುತ್ತದೆ. 128ರ ದರದಲ್ಲಿ ಇದು 4 ಸೆಕೆಂಡಿನ ಧ್ವನಿ, 32ರಲ್ಲಿ 16 ಸೆಕೆಂಡಿನದು. ಸಂಪರ್ಕ ಕ್ಷಣಕಾಲ ತಡವರಿಸಿದರೂ ಧ್ವನಿ ನಿಲ್ಲುವುದಿಲ್ಲ. ಆದರೆ ಪ್ರಸಾರ ಅಷ್ಟು ಹಿಂದೆ ಬೀಳುತ್ತದೆ. ಪ್ರಕಟಣೆಗೆ ಇದು ತೊಡಕಲ್ಲ, ಫೋನ್-ಇನ್ ಕಾರ್ಯಕ್ರಮಕ್ಕೆ ತೊಡಕು. ಈ ಪ್ರಮಾಣವನ್ನು ಸರ್ವರ್‌ನಲ್ಲಿ ಬದಲಾಯಿಸಬಹುದು.

ಇನ್ನೊಂದು ಕೊರತೆ ನಮ್ಮ ಲಿಪಿಗೆ ಸಂಬಂಧಿಸಿದ್ದು. ಎಂಪಿ3 ಪ್ರಸಾರದೊಂದಿಗೆ ಹೋಗುವ ಕಾರ್ಯಕ್ರಮದ ಹೆಸರನ್ನು, ಬೇರೆ ಸೂಚನೆ ಇಲ್ಲದಿದ್ದರೆ, ಐಸ್‌ಕಾಸ್ಟ್ ಲ್ಯಾಟಿನ್-1 ಎಂದೇ ಭಾವಿಸುತ್ತದೆ. ಆ ಸಂಕೇತ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. 'ವಿಜ್ಞಾನ ಸಂಜೆ' ಎಂದು ಬರೆದದ್ದು ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಮೌಂಟ್‌ನ ಅಕ್ಷರ ಸಂಕೇತವನ್ನು ಯುಟಿಎಫ್-8 ಎಂದು ಒಂದು ಸಾಲಿನಲ್ಲಿ ಬರೆದರೆ ದೋಷ ನಿವಾರಣೆಯಾಗುತ್ತದೆ. ಬಹಳಷ್ಟು ಮಾರ್ಗದರ್ಶಿಗಳು ಈ ಸಾಲನ್ನು ಬಿಟ್ಟಿರುತ್ತವೆ.

ಒಟ್ಟಿನಲ್ಲಿ ತಂತ್ರಾಂಶ ಕೆಟ್ಟದ್ದಲ್ಲ. ಅದರ ಸಿದ್ಧ ಹೊಂದಾಣಿಕೆಯನ್ನು ಪ್ರಶ್ನಿಸದೆ ಒಪ್ಪುವುದು ತಪ್ಪು. ಪರದೆಯ ಮೇಲೆ ಕುಣಿಯುವ ಹಸಿರು ಪಟ್ಟಿ ಕೋಣೆಯಿಂದ ಹೊರಟ ಧ್ವನಿಯನ್ನಷ್ಟೇ ತೋರಿಸುತ್ತದೆ, ತಲುಪಿದ ಧ್ವನಿಯನ್ನಲ್ಲ. ಆದ್ದರಿಂದ ಇದನ್ನು ಪ್ರಯತ್ನಿಸುವ ಶಿಕ್ಷಕರು ಇಬ್ಬರು ವಿದ್ಯಾರ್ಥಿಗಳಿಗೆ ಊರಿನ ಅತ್ಯಂತ ಅಗ್ಗದ ಫೋನು ಕೊಟ್ಟು, ಸಂಪರ್ಕ ಅತ್ಯಂತ ದುರ್ಬಲವಾದ ಜಾಗಕ್ಕೆ ಕಳುಹಿಸಲಿ. 128, 64, 32ರ ದರಗಳಲ್ಲಿ ಅದೇ ವಾಕ್ಯಗಳನ್ನು ಓದಿ, ಅವರು ಕೇಳಿ ಬರೆದುಕೊಂಡದ್ದನ್ನು ಮೂಲದೊಡನೆ ಹೋಲಿಸಲಿ. ಬಿಟ್ ದರವನ್ನು ನಿರ್ಧರಿಸಬೇಕಾದದ್ದು ಆ ಎರಡು ಕಾಗದಗಳು.