ಸೀಮೆ, ತಾಲ್ಲೂಕು ಮತ್ತು ಸೂಚ್ಯಂಕ: ನಂಜುಂಡಪ್ಪ ಸಮಿತಿ ವರದಿಯ ಒಂದು ಜಾನಪದೀಯ ವಿಮರ್ಶೆ

ಪ್ರಾದೇಶಿಕ ಯೋಜನೆಯ ಆದ್ಯ ಚಿಂತಕರಲ್ಲಿ ಒಬ್ಬನಾದ ಪ್ಯಾಟ್ರಿಕ್ ಗೆಡೆಸ್ ತನ್ನ ವಿಚಾರವನ್ನು ಸ್ಥಳ, ದುಡಿಮೆ, ಜನ ಎಂಬ ಮೂರು ಪದಗಳಲ್ಲಿ ನಿರೂಪಿಸಿದನು. ಮೂರನೆಯ ಪದಕ್ಕೆ ಆತ ಬಳಸಿದ್ದು 'ಫೋಕ್' ಎಂಬುದನ್ನೇ. ಜಾನಪದಕ್ಕೂ ಯೋಜನಾಶಾಸ್ತ್ರಕ್ಕೂ ಹುಟ್ಟಿನಲ್ಲಿಯೇ ನಂಟಿತ್ತೆಂಬುದನ್ನು ಎರಡೂ ಕ್ಷೇತ್ರದ ವಿದ್ವಾಂಸರು ಮರೆತಂತಿದೆ. 1919ರಿಂದ 1924ರವರೆಗೆ ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಗೆಡೆಸ್, ನಕ್ಷೆ ಬರೆಯುವ ಮುನ್ನ ಊರನ್ನು ಕಾಲ್ನಡಿಗೆಯಲ್ಲಿ ನೋಡಬೇಕೆಂದವನು. ಅನಂತರದ ಸಿದ್ಧಾಂತಗಳು ಬೇರೆ ಹಾದಿ ಹಿಡಿದವು. 1933ರಲ್ಲಿ ಕ್ರಿಸ್ಟಾಲರ್ ಮಂಡಿಸಿದ ಕೇಂದ್ರಸ್ಥಳ ಸಿದ್ಧಾಂತ ಹಾಗೂ ಐವತ್ತರ ದಶಕದ ಪೆರೂ ಅವರ ಬೆಳವಣಿಗೆಯ ಧ್ರುವಗಳ ಕಲ್ಪನೆ ಪ್ರದೇಶವನ್ನು ಬಿಂದು ಹಾಗೂ ಅಂತರಗಳ ಜಾಲವಾಗಿ ಕಂಡವು. ಜನ ಅಲ್ಲಿ ಸಂಖ್ಯೆಯಾದರು.

ಈ ಹಿನ್ನೆಲೆಯಲ್ಲಿ ಕರ್ನಾಟಕದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯನ್ನು ಮತ್ತೊಮ್ಮೆ ಓದಬೇಕಾಗಿದೆ. 2000ದಲ್ಲಿ ರಚಿತವಾದ ಈ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ಸಲ್ಲಿಸಿತು. 35 ಸೂಚಕಗಳನ್ನು ಆಧರಿಸಿ ಅಂದಿನ 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು: ಅತ್ಯಂತ ಹಿಂದುಳಿದವು 39, ಅತಿ ಹಿಂದುಳಿದವು 40, ಹಿಂದುಳಿದವು 35. ಇವುಗಳಲ್ಲಿ 59 ಉತ್ತರ ಕರ್ನಾಟಕದವು, 55 ದಕ್ಷಿಣದವು. ವರದಿಯ ನಿಜವಾದ ಸಾಧನೆ ಇಲ್ಲಿದೆ. ಅಸಮಾನತೆಯ ಚರ್ಚೆ ಅದುವರೆಗೆ ಉತ್ತರ-ದಕ್ಷಿಣವೆಂಬ ಎರಡೇ ತಕ್ಕಡಿಯಲ್ಲಿ ತೂಗುತ್ತಿದ್ದಿತು. ಬಡತನ ದಕ್ಷಿಣದ ಒಳಮಡಿಲಲ್ಲಿಯೂ ಇದೆಯೆಂಬುದನ್ನು ವರದಿ ಅಂಕಿಗಳಲ್ಲಿ ತೋರಿಸಿತು. ಆದರೂ ಅತ್ಯಂತ ಹಿಂದುಳಿದ 39ರಲ್ಲಿ 21 ತಾಲ್ಲೂಕುಗಳು ಗುಲಬರ್ಗಾ ವಿಭಾಗವೊಂದರಲ್ಲಿಯೇ ಇದ್ದವೆಂಬ ಸತ್ಯವನ್ನು ಅದು ಮರೆಮಾಚಲಿಲ್ಲ.

ತೊಡಕು ಇರುವುದು ಅಳತೆಯ ಘಟಕದಲ್ಲಿ. ತಾಲ್ಲೂಕು ಕಂದಾಯ ವಸೂಲಿಗಾಗಿ ಹುಟ್ಟಿದ ವಿಭಾಗ. ಜನಪದರ ಪ್ರದೇಶ ಬೇರೆ. ಎರೆ ಮತ್ತು ಮಸಾರಿ, ಮಲೆನಾಡು ಮತ್ತು ಬಯಲುಸೀಮೆ, ನೀರಾವರಿ ಮತ್ತು ಒಣಬೇಸಾಯ ಎಂಬ ಭೇದಗಳು ಮಣ್ಣು, ಬೆಳೆ, ಊಟ, ಹಾಡಿನ ಧಾಟಿ ಇವೆಲ್ಲವನ್ನೂ ಒಟ್ಟಾಗಿ ಹೇಳುತ್ತವೆ. ಸಂತೆಯನ್ನೇ ನೋಡಬಹುದು. ಅಕ್ಕಪಕ್ಕದ ಊರುಗಳು ವಾರದ ಬೇರೆ ಬೇರೆ ದಿನಗಳಲ್ಲಿ ಸಂತೆ ನಡೆಸುತ್ತವೆ; ವ್ಯಾಪಾರಿ ಸೋಮವಾರ ಒಂದೂರು, ಬುಧವಾರ ಮತ್ತೊಂದೂರು ಎಂದು ಸುತ್ತುತ್ತಾನೆ. ಕ್ರಿಸ್ಟಾಲರನ ಕೇಂದ್ರ ನಿಂತಲ್ಲಿ ನಿಂತಿರುತ್ತದೆ, ಸಂತೆಯ ಕೇಂದ್ರ ವಾರವಿಡೀ ಸಂಚರಿಸುತ್ತದೆ. (ಸಂತೆಯ ಸುತ್ತುಗಳ ನಕ್ಷೆ ತಯಾರಿಸುವುದು ಜಾನಪದ ವಿಭಾಗಗಳ ಕೆಲಸವಾಗಬೇಕಿದ್ದಿತು, ಕಥೆ, ಗೀತೆಗಳ ಸಂಗ್ರಹದಲ್ಲಿಯೇ ಅವು ತೃಪ್ತಿಪಟ್ಟುಕೊಂಡಿವೆ.) ಈ ಸುತ್ತು ತಾಲ್ಲೂಕಿನ ಎಲ್ಲೆಯನ್ನು ಕೇಳುವುದಿಲ್ಲ. ಮಳೆಯನ್ನನುಸರಿಸಿ ಜಿಲ್ಲೆಯಿಂದ ಜಿಲ್ಲೆಗೆ ಸಾಗುತ್ತ, ರೈತರ ಹೊಲಗಳಲ್ಲಿ ರಾತ್ರಿ ಹಿಂಡನ್ನು ತಂಗಿಸಿ ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಪಡೆಯುವ ಕುರುಬರು ಯಾವ ತಾಲ್ಲೂಕಿನ ಸರಾಸರಿಗೆ ಸೇರಬೇಕು?

ಸರಾಸರಿಯ ಮಾತು ಇನ್ನೂ ಗಂಭೀರವಾದುದು. ಸಿಂಧನೂರು, ಮಾನ್ವಿ ಭಾಗಗಳಲ್ಲಿ ತುಂಗಭದ್ರಾ ಎಡದಂಡೆ ನಾಲೆಯ ಭತ್ತದ ಗದ್ದೆ ಹಾಗೂ ನೀರು ತಲುಪದ ಜೋಳದ ಹೊಲ ಒಂದೇ ಕಡತದಲ್ಲಿ ದಾಖಲಾಗುತ್ತವೆ. ನಾಲೆಯ ಮೇಲ್ಭಾಗದ ಬೆಳೆ ಕೊನೆಯಂಚಿನ ಬರವನ್ನು ಅಂಕಿಯಲ್ಲಿ ಮುಚ್ಚಿಬಿಡುತ್ತದೆ. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, 0.79ರವರೆಗಿನದನ್ನು ಅತ್ಯಂತ ಹಿಂದುಳಿದುದೆಂದೂ 0.80ರಿಂದ ಮೇಲಿನದನ್ನು ಅತಿ ಹಿಂದುಳಿದುದೆಂದೂ ವಿಂಗಡಿಸಿದಾಗ, ದಶಮಾಂಶದ ಒಂದು ಅಂಕ ಒಂದು ಸೀಮೆಯ ಪಾಲನ್ನು ನಿರ್ಧರಿಸುತ್ತದೆ.

ಇದಕ್ಕಿಂತ ದೊಡ್ಡ ಮೌನ ಗುಳೆಯದು. ರಾಯಚೂರು, ಕೊಪ್ಪಳ, ಯಾದಗಿರಿಗಳ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಬೆಂಗಳೂರು, ಪುಣೆ, ಗೋವಾಗಳ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಶಾಲೆಯ ಹಾಜರಿಯಲ್ಲಿ ಮಗುವಿನ ಹೆಸರಿರುತ್ತದೆ. ಮಗು ಮಾತ್ರ ಮರಳು-ಜಲ್ಲಿಯ ರಾಶಿಯ ಪಕ್ಕದಲ್ಲಿರುತ್ತದೆ. ಮನೆಯಲ್ಲಿ ಉಳಿಯುವವರು ಮುದುಕರು. ಶಾಲೆ, ಆಸ್ಪತ್ರೆ, ರಸ್ತೆ, ಬ್ಯಾಂಕುಗಳನ್ನು ಎಣಿಸುವ ಸೂಚ್ಯಂಕ, ಅವುಗಳನ್ನು ಬಳಸಬೇಕಾದವರು ವರ್ಷದ ಕೆಲವು ತಿಂಗಳು ಊರಿನಲ್ಲಿಯೇ ಇರುವುದಿಲ್ಲವೆಂಬುದನ್ನು ಎಣಿಸಲಾರದು. ಗುಳೆ ಎಂಬ ಪದ ಜನರ ಬಾಯಲ್ಲಿ ಬರಗಾಲದಷ್ಟೇ ಹಳೆಯದು; ಅದನ್ನು ಸೂಚಕವನ್ನಾಗಿಸುವುದು ಕಷ್ಟವಾದರೂ ಅಸಾಧ್ಯವೇನಲ್ಲ.

ಆಚರಣೆಯ ಕಥೆ ಚಿಕ್ಕದು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ವಿನಿಯೋಗಿಸಬೇಕೆಂದೂ ಉತ್ತರ-ದಕ್ಷಿಣಗಳಿಗೆ 60:40ರ ಪಾಲಿರಬೇಕೆಂದೂ ಸಮಿತಿ ಶಿಫಾರಸು ಮಾಡಿದ್ದಿತು. ವಿಶೇಷ ಅಭಿವೃದ್ಧಿ ಯೋಜನೆ ಆರಂಭವಾದುದು 2007-08ರಲ್ಲಿ, ವರದಿಯ ಐದು ವರ್ಷಗಳ ಅನಂತರ. ಅದರಲ್ಲಿಯೂ 15,000 ಕೋಟಿ ಇಲಾಖೆಗಳ ನಡೆಯುತ್ತಿದ್ದ ಯೋಜನೆಗಳಿಂದಲೇ ಬರಬೇಕಾದುದು. ಹೀಗಾಗಿ ಹೊಸದು ಯಾವುದು, ಹೆಸರು ಬದಲಾದ ಹಳೆಯದು ಯಾವುದು ಎಂದು ಬೇರ್ಪಡಿಸುವುದೇ ಸಂಶೋಧಕರಿಗೆ ಕಷ್ಟವಾಯಿತು. ಹಣ ಇಲಾಖೆಗಳ ಲೆಕ್ಕಶೀರ್ಷಿಕೆಗಳ ಮೂಲಕ ಹರಿದುದರಿಂದ ಪ್ರದೇಶವೆಂಬ ಪರಿಕಲ್ಪನೆ ಕಾಗದದಲ್ಲಿ ಉಳಿಯಿತು. ಕೆಲಸ ನಡೆದದ್ದು ಶಾಲಾ ಕೊಠಡಿ, ರಸ್ತೆ, ಕೊಳವೆಬಾವಿಗಳೆಂಬ ಬಿಡಿ ತುಂಡುಗಳಲ್ಲಿ. ಮುಂದೆ 2012ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯಿಂದ 371ಜೆ ವಿಧಿ ಬಂದಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ವಿಧಿಯ ಫಲ ಶಿಕ್ಷಣ ಹಾಗೂ ಉದ್ಯೋಗಗಳ ಮೀಸಲಾತಿಯಲ್ಲಿ ಕಾಣುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಓದಿದವರಿಗೆ ದೊರೆತ ಆ ಬಾಗಿಲು ಗುಳೆ ಹೊರಟವರ ಮನೆಗಿನ್ನೂ ದೂರವೇ ಇದೆ.

ಇನ್ನೊಂದು ವಿಪರ್ಯಾಸವೂ ಉಂಟು. 2017ರ ಅನಂತರ ಸುಮಾರು ಐವತ್ತು ಹೊಸ ತಾಲ್ಲೂಕುಗಳು ರಚನೆಯಾದವು. 175ರ ಅಳತೆ ಅಲ್ಲಿಗೆ ಚೂರಾಯಿತು. ತಾಯಿತಾಲ್ಲೂಕಿನ ಹಳೆಯ ಸೂಚ್ಯಂಕವನ್ನೇ ಮರಿತಾಲ್ಲೂಕಿಗೂ ಹೊದಿಸುವುದು ವಾಡಿಕೆಯಾದರೆ ಅಚ್ಚರಿಯಿಲ್ಲ. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಮತ್ತೊಂದು ಸಮಿತಿಯನ್ನು ರಚಿಸಿದ್ದು ಈ ಕಾರಣಕ್ಕೂ ಅಗತ್ಯವೇ ಆಗಿದ್ದಿತು. ಎಲ್ಲೆಗಳು ಬದಲಾದರೂ ಸೋಮವಾರದ ಸಂತೆ ಸೋಮವಾರವೇ ಕೂಡುತ್ತಿದೆ, ಎರಡು ತಾಲ್ಲೂಕುಗಳ ಜನ ಒಂದೇ ಬಯಲಿನಲ್ಲಿ ಜೋಳದ ಬೆಲೆ ಕಟ್ಟುತ್ತಿದ್ದಾರೆ.